ಐದು ಕಟ್ಟಡಗಳಲ್ಲಿ ಮೊದಲು ಯಾವುದು?

ಪ್ರಶ್ನೆ: ಕಾರವಾರದಲ್ಲಿ ಕಡಿಮೆ ಆದಾಯದವರಿಗಾಗಿ ಕಟ್ಟಿದ ನಮ್ಮ ವಸತಿ ಸಮುಚ್ಚಯದಲ್ಲಿ ನಾಲ್ಕು ಅಂತಸ್ತಿನ ಐದು ಕಟ್ಟಡಗಳಿವೆ. ವಿದ್ಯುತ್ ಉಳಿತಾಯಕ್ಕಾಗಿ ಅವುಗಳನ್ನು ಸುಧಾರಿಸಬೇಕೆಂದು ಸಂಘದಲ್ಲಿ ಮಾತಾಗಿದೆ. ಎಲ್ಲಕ್ಕಿಂತ ಹಳೆಯದರಿಂದ ಆರಂಭಿಸುವುದು ಸರಿಯೇ?

ಉತ್ತರ: ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಆರಿಸಬೇಡಿ. ಸಮುದ್ರದ ಉಪ್ಪುಗಾಳಿಗೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸಜ್ಜಾದ ಅಡಿಯಲ್ಲಿ ಕಂದು ಗೆರೆ ಇಳಿದಿದ್ದರೆ, ಮೇಲಂತಸ್ತಿನ ಸೀಲಿಂಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಆ ಕಟ್ಟಡಕ್ಕೆ ಮೊದಲು ಬೇಕಾದುದು ಸ್ಟ್ರಕ್ಚರಲ್ ಎಂಜಿನಿಯರರ ಪರೀಕ್ಷೆಯೇ ಹೊರತು ಸೌರಫಲಕವಲ್ಲ.

ಗಟ್ಟಿಯಾಗಿರುವ ಕಟ್ಟಡಗಳಲ್ಲಿ ನಕ್ಷೆ ಒಂದೇ ಇರುವಂಥವನ್ನು ಗುರುತಿಸಿರಿ. ನೆದರ್ಲೆಂಡ್ಸ್‌ನ ಎನರ್ಜಿಸ್ಪ್ರಾಂಗ್ ಯೋಜನೆಯಲ್ಲಿ ಒಂದೇ ನಮೂನೆಯ ಸಾಲುಮನೆಗಳನ್ನು ಆಯ್ದು, ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಹೊದಿಕೆಗಳನ್ನು ಗೋಡೆ, ಚಾವಣಿಗಳಿಗೆ ತೊಡಿಸಿದ್ದರ ಹಿಂದೆ ಇದೇ ವಿಚಾರವಿತ್ತು: ಒಮ್ಮೆ ಮಾಡಿದ ಅಳತೆ, ವಿನ್ಯಾಸ ಮತ್ತೆ ಮತ್ತೆ ಉಪಯೋಗಕ್ಕೆ ಬಂದರೆ ಪ್ರತಿ ಮನೆಯ ವೆಚ್ಚ ಇಳಿಯುತ್ತದೆ. ಅವರ ದಪ್ಪ ಹೊದಿಕೆಯನ್ನು ಮಾತ್ರ ಇಲ್ಲಿಗೆ ತರಬೇಡಿ; ಅದು ಚಳಿಗಾಗಿ ಮಾಡಿದ್ದು. ನಮ್ಮಲ್ಲಿ ಬಿಸಿಲಿಗೆ ಕಾದು ಬಿಸಿಯಾಗುವುದು ಮೇಲಿನ ಸ್ಲ್ಯಾಬು ಮತ್ತು ಪಡುವಣ ಗೋಡೆ. ಮಳೆ ಸೋರದಿರಲೆಂದು ತಾರಸಿಯ ಮೇಲೆ ಹಾಕಿಸುವ ತಗಡಿನ ಮಾಡು, ನಡುವೆ ಗಾಳಿಯಾಡಲು ಜಾಗವಿದ್ದರೆ, ಬಿಸಿಲನ್ನೂ ತಡೆಯುತ್ತದೆ.

ಬಳಕೆಯನ್ನು ತೂಗುವಾಗ ರೂಪಾಯಿಯನ್ನು ನೋಡದೆ ಯೂನಿಟ್‌ಗಳನ್ನು ನೋಡಿರಿ. 200 ಯೂನಿಟ್ ಮಿತಿಯ ಗೃಹಜ್ಯೋತಿಯಿಂದಾಗಿ ಅನೇಕ ಮನೆಗಳ ಹೆಸ್ಕಾಂ ಬಿಲ್ಲು ಸೊನ್ನೆಯಾಗಿದೆ. ಅಂಥವರಿಗೆ ಉಳಿತಾಯದಿಂದ ಕೈಗೆ ಹಣ ಬರುವುದಿಲ್ಲ, ಮನೆ ತಂಪಾಗುವುದೇ ಲಾಭ. ಹಣದ ಉಳಿತಾಯವಿರುವುದು ನೀವೆಲ್ಲರೂ ಹಂಚಿಕೊಂಡು ಕಟ್ಟುವ ನೀರಿನ ಪಂಪು, ಮೆಟ್ಟಿಲು ದೀಪಗಳ ಸಾಮಾನ್ಯ ಮೀಟರಿನಲ್ಲಿ. ಪಿಎಂ ಸೂರ್ಯಘರ್ ಯೋಜನೆಯಡಿ ಇಂಥ ಸಾಮಾನ್ಯ ಸೌಲಭ್ಯಗಳ ಸೌರಘಟಕಕ್ಕೆ ನಿವಾಸಿಗಳ ಸಂಘಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಆದ್ದರಿಂದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಸಾಲಾಗಿ ಇಟ್ಟು, ಸಾಮಾನ್ಯ ಮೀಟರು ಹೆಚ್ಚು ಓಡಿರುವ ಗಟ್ಟಿ ಕಟ್ಟಡವನ್ನು ಮೊದಲು ಹಿಡಿಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ಉಳಿದಿದೆ. ತಾರಸಿ ತಮ್ಮದೆಂದು ಮೇಲಂತಸ್ತಿನವರು ಭಾವಿಸಿ, ಅಲ್ಲಿ ಮೀನು ಒಣಗಿಸುತ್ತಲೋ ಬಟ್ಟೆ ಹರವುತ್ತಲೋ ಬಂದಿರಬಹುದು. ಆ ಜಾಗದ ಹಕ್ಕು ಯಾರದೆಂಬುದನ್ನು ಕ್ರಯಪತ್ರದಲ್ಲಿ ನೋಡಿ, ಎಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆಯೇ ಗುತ್ತಿಗೆದಾರರನ್ನು ಕರೆಯಿರಿ.