ಮಧುರಕಂಠ ಹಕ್ಕಿಲಿ ಎಷ್ಟು ಜಾತಿ ಇದೆ? ಒಂದೇ ಮರದಲ್ಲಿ ಕಪ್ಪು ತಲೆದು, ಹಸಿರು ತಲೆದು ಎರಡೂ ಕಂಡ್ವು, ಬೇರೆ ಬೇರೆನಾ?

ಬಹುತೇಕ ಬೇರೆ ಅಲ್ಲ, ಗಂಡು ಹೆಣ್ಣು ಜೋಡಿ ಇರ್ಬೇಕು ಅದು. ಮಧುರಕಂಠ ಅಂದ್ರೆ ಕಾಮನ್ ಅಯೋರಾ, ಅದರ ಕುಲ ಈಜಿಥಿನಾ, ಆ ಕುಲದಲ್ಲಿ ಇರೋದೇ ನಾಲ್ಕು ಜಾತಿ. ನಾನೂ ಶುರುವಿನಲ್ಲಿ ನೋಟ್‌ಬುಕ್ಕಲ್ಲಿ ಮೂರು ಬೇರೆ ಹಕ್ಕಿ ಅಂತ ಬರ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಮೂರೂ ಇದೇ!

ಯಾಕಂದ್ರೆ ಗಂಡಿನ ಬಣ್ಣ ನಿಲ್ಲೋದೇ ಇಲ್ಲ. ಮರಿ ಮಾಡೋ ಕಾಲದಲ್ಲಿ ದಕ್ಷಿಣ ಭಾರತ, ಶ್ರೀಲಂಕಾದ ಗಂಡಿಗೆ ತಲೆ ಬೆನ್ನು ಎಲ್ಲಾ ಕಪ್ಪು, ಹೊಟ್ಟೆ ಹಳದಿ, ಉತ್ತರದ ಕಡೆ ಹೋದ್ರೆ ಬೆನ್ನು ಹಸಿರಾಗೇ ಇರತ್ತೆ, ಸೀಸನ್ ಮುಗಿದ ಮೇಲೆ ತಲೆ ಮೇಲಿನ ಕಪ್ಪೂ ಹೋಗಿ ಹೆಚ್ಚುಕಮ್ಮಿ ಹೆಣ್ಣಿನ ಥರಾನೇ ಕಾಣತ್ತೆ. ಹೆಣ್ಣು ವರ್ಷವಿಡೀ ಹಸಿರು ಹಳದಿ. ಇಬ್ಬರಿಗೂ ರೆಕ್ಕೆ ಮೇಲೆ ಎರಡು ಬಿಳಿ ಗೆರೆ ಇರತ್ತೆ, ಅದನ್ನ ಹಿಡ್ಕೊಳ್ಳಿ.

ನಿಜವಾಗ್ಲೂ ತಲೆ ಕೆಡಿಸೋದು ಮಾರ್ಷಲ್ಸ್ ಅಯೋರಾ. ವಾಯವ್ಯ ಭಾರತದ ಒಣ ಕುರುಚಲು ಕಾಡೇ ಅದರ ಮುಖ್ಯ ಜಾಗ, ಆದ್ರೆ ಶ್ರೀಲಂಕಾದಲ್ಲೂ ಇದೆ. ತಲೆ ನೋಡಿ ಹೇಳಕ್ಕೆ ಹೋಗ್ಬೇಡಿ, ಬಾಲ ನೋಡಿ: ಗರಿಗಳ ತುದಿಲಿ ಚೆನ್ನಾಗಿ ಬಿಳಿ ಇದ್ರೆ ಮಾರ್ಷಲ್ಸ್. ಉಳಿದೆರಡು ಭಾರತದಲ್ಲಿ ಸಿಗಲ್ಲ. ಗ್ರೇಟ್ ಅಯೋರಾ ಥಾಯ್ಲೆಂಡ್, ವಿಯೆಟ್ನಾಂ ಕಡೆದು, ದಪ್ಪ ಕೊಕ್ಕು, ರೆಕ್ಕೆಲಿ ಬಿಳಿ ಗೆರೆ ಇರಲ್ಲ. ಗ್ರೀನ್ ಅಯೋರಾ ಮಲಯ, ಸುಮಾತ್ರಾ, ಬೋರ್ನಿಯೋದ ತಗ್ಗು ಕಾಡಿಂದು, ಕಾಡು ಕಡಿದೂ ಕಡಿದೂ ಈಗ ಅದು ಅಪಾಯದ ಅಂಚಿಗೆ ಬಂದಿದೆ.

ಜಾತಿ ಲೆಕ್ಕಕ್ಕಿಂತ ಗಂಡಿನ ಡ್ಯಾನ್ಸ್ ನೋಡಿ ಸ್ವಾಮಿ. ಕೊಂಬೆಯಿಂದ ಸರ್ರಂತ ಮೇಲಕ್ಕೆ ಹಾರಿ, ಸೊಂಟದ ಹತ್ರದ ಬಿಳಿ ಗರಿ ಉಬ್ಬಿಸ್ಕೊಂಡು, ದಾರ ಸುತ್ತಿದ ಉಂಡೆ ಥರ ಗುಂಡಗಾಗಿ ಸುತ್ತುತ್ತಾ ಕೆಳಗೆ ಬರತ್ತೆ. ಜೊತೆಗೆ ಆ ಉದ್ದ ಸಿಳ್ಳೆ, ಕೊನೆಲಿ ತಟ್ಟಂತ ಇಳಿಯತ್ತೆ, ಮಧುರಕಂಠ ಅನ್ನೋ ಹೆಸರು ಸುಮ್ನೆ ಬಂದಿಲ್ಲ. ಎಲೆ ಮಧ್ಯೆ ಹುಳು ಹುಡುಕ್ಕೊಂಡು ಓಡಾಡೋದ್ರಿಂದ ನನಗೆ ಹತ್ತು ಸಲದಲ್ಲಿ ಎಂಟು ಸಲ ಕಿವಿಗೆ ಸಿಕ್ಕಿದ ಮೇಲೇ ಕಣ್ಣಿಗೆ ಸಿಕ್ಕಿರೋದು.

ಗೂಡು ಸಿಕ್ರೆ ದೂರದಿಂದ್ಲೇ ನೋಡಿ, ಕವಲು ಕೊಂಬೆಲಿ ಪುಟ್ಟ ಬಟ್ಟಲು, ಹುಲ್ಲನ್ನ ಜೇಡರ ಬಲೆಯಿಂದ ಬಿಗಿದು ಕಟ್ಟಿರತ್ತೆ, ಗಂಡು ಹೆಣ್ಣು ಇಬ್ರೂ ಕಾವು ಕೂರ್ತಾರೆ. ಪಾಪ, ಕೋಗಿಲೆ ಬಳಗದ ಒಂದು ಪಟ್ಟೆಪಟ್ಟೆ ಹಕ್ಕಿ ಇದರ ಗೂಡಲ್ಲೂ ಮೊಟ್ಟೆ ಇಟ್ಟು ಹೋಗತ್ತೆ.

ನಿಮ್ಮ ಹತ್ರ ಬಾಲ ಕಾಣೋ ಫೋಟೋ ಇದ್ರೆ ಹಾಕಿ, ನೋಡಿ ಹೇಳ್ತೀನಿ.