ನಾಲ್ಕು ತಿಂಗಳ ಬಸುರಿ, ಎಚ್‌ಐವಿ ಅಂತ ಗೊತ್ತಾಗಿದೆ. ಹೆರಿಗೆ ಆದಮೇಲೆ ಮಾತ್ರೆ ಶುರು ಮಾಡಿದರೆ ನಡೆಯುತ್ತದಾ?

ತಂಗಿ, ಕಾಯಬೇಡಿ. ಈ ವಾರವೇ ಹೋಗಿ.

ಗುರುಮಠಕಲ್ ಕಡೆಯ ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿ ಎಚ್‌ಐವಿ ಅಂದರು ಅಂತ ಬರೆದಿದ್ದೀರಿ. ಮಗುವಿಗೂ ಬರುತ್ತದಾ, ಮನೆಯಲ್ಲಿ ಹೇಗೆ ಹೇಳಲಿ, ಬಾಣಂತನಕ್ಕೆ ತವರಿಗೆ ಹೋಗಬಹುದಾ ಅಂತಲೂ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಕೌನ್ಸೆಲರ್. ನಿಮ್ಮಂಥ ತಾಯಂದಿರ ಜೊತೆ ಮಾತಾಡುವುದೇ ನನ್ನ ಕೆಲಸ.

ಬೆರಳು ಚುಚ್ಚಿ ನೋಡಿದ್ದು ಮೊದಲ ಪರೀಕ್ಷೆ ಅಷ್ಟೇ. ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ ಖಚಿತ ಮಾಡುತ್ತಾರೆ. ಆಮೇಲೆ ಎಆರ್‌ಟಿ ಕೇಂದ್ರ, ಅಂದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ಕೇಂದ್ರ. ಅಲ್ಲಿ ಮಾತ್ರೆ ಪುಕ್ಕಟೆ. ಬಸುರಿಯರಿಗೆ ಬೇರೆ ವರದಿಗಳಿಗೆ ಕಾಯದೆ ಬೇಗ ಮಾತ್ರೆ ಶುರು ಮಾಡಿ, ಜೀವನಪೂರ್ತಿ ಕೊಡಬೇಕು ಅನ್ನುವ ನಿಯಮ ನಮ್ಮ ದೇಶದಲ್ಲಿ 2014ರಿಂದ ಇದೆ.

ಚಿಕಿತ್ಸೆ ಇಲ್ಲದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಎಚ್‌ಐವಿ ಬರಬಹುದು. ಗರ್ಭದಲ್ಲಿರುವಾಗ, ಹೆರಿಗೆಯಲ್ಲಿ, ಹಾಲೂಡುವಾಗ. ಮಾತ್ರೆ ಸರಿಯಾಗಿ ತಗೊಂಡರೆ ಇದು 5ಕ್ಕಿಂತ ಕೆಳಗಿಳಿಯುತ್ತದೆ. ಬೇಗ ಶುರು ಮಾಡಿದಷ್ಟೂ ಇನ್ನೂ ಕಡಿಮೆ. ಮಾತ್ರೆ ರಕ್ತದಲ್ಲಿನ ವೈರಸ್ ಇಳಿಸುವುದಕ್ಕೆ ಕೆಲವು ವಾರ ಬೇಕು. ನಿಮಗೆ ಈಗ ನಾಲ್ಕು ತಿಂಗಳು. ಸಮಯ ಕೈಯಲ್ಲಿದೆ. ಎಂಟನೇ ತಿಂಗಳಲ್ಲಿ ಬರುವವರಿಗೂ ಚಿಕಿತ್ಸೆ ಇದೆ, ಆದರೆ ಆಗ ವೈರಸ್ ಇಳಿಯುವ ಮೊದಲೇ ಹೆರಿಗೆ ಆಗಿಬಿಡಬಹುದು.

ಈಗ ಕೊಡುವುದು ಸಾಮಾನ್ಯವಾಗಿ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧಿ ಒಂದರಲ್ಲೇ ಸೇರಿರುವ ಟಿಎಲ್‌ಡಿ. ಇಲ್ಲಿ ಒಂದು ವಿಷಯ ಬಹಳ ಜನರಿಗೆ ಯಾರೂ ಹೇಳುವುದಿಲ್ಲ. ಬಸುರಿಯರಿಗೆ ಐರನ್, ಕ್ಯಾಲ್ಸಿಯಂ ಮಾತ್ರೆಯೂ ಕೊಡುತ್ತಾರಲ್ವಾ? ಖಾಲಿ ಹೊಟ್ಟೆಯಲ್ಲಿ ಅವನ್ನೂ ಇದನ್ನೂ ಒಟ್ಟಿಗೆ ನುಂಗಿದರೆ ಟಿಎಲ್‌ಡಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ಮಧ್ಯಾಹ್ನ, ಐರನ್ ಸಂಜೆ ನಾಲ್ಕಕ್ಕೆ, ಟಿಎಲ್‌ಡಿ ರಾತ್ರಿ ಹತ್ತಕ್ಕೆ ಇಟ್ಟುಕೊಳ್ಳಿ. ಯಾವುದನ್ನೂ ಬಿಡಬೇಡಿ. ಹೊತ್ತು ಮಾತ್ರ ಬೇರೆ ಮಾಡಿ.

ಮನೆಯ ಮಾತಿಗೆ ಬರೋಣ. ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡುತ್ತಾರೆ, ಗಂಡಸರಿಗೆ ಹಾಗೆ ಮಾಡುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮೊದಲು ಗೊತ್ತಾಗುವುದು ಹೆಂಡತಿಗೆ. ತಕ್ಷಣ "ಈ ರೋಗ ನೀನೇ ತಂದಿದ್ದು" ಅಂತ ಅವಳ ಮೇಲೆ ಹಾಕುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೊದಲು ಪರೀಕ್ಷೆ ಆಯಿತು ಅಂದರೆ ಮೊದಲು ಬಂತು ಅಂತಲ್ಲ. ಗಂಡನನ್ನು ಕರೆದುಕೊಂಡು ಬನ್ನಿ. ಒಬ್ಬರೇ ಹೇಳುವುದು ಕಷ್ಟ ಅನಿಸಿದರೆ ಕೌನ್ಸೆಲರ್ ಎದುರಿಗೆ ಹೇಳಬಹುದು. ಗಂಡನಿಗೂ ಪರೀಕ್ಷೆ ಆಗಲೇಬೇಕು. ಅತ್ತೆ, ಮಾವ, ನೆಗೆಣ್ಣಿ ಯಾರಿಗೂ ಹೇಳಲೇಬೇಕು ಅಂತ ಇಲ್ಲ. 2017ರ ಎಚ್‌ಐವಿ ಕಾನೂನಿನ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿ ಇಡುವುದು ಆಸ್ಪತ್ರೆಯವರ ಹೊಣೆ. ಎಚ್‌ಐವಿ ಇದೆ ಅಂತ ಹೆರಿಗೆ ಮಾಡಿಸುವುದಿಲ್ಲ ಅನ್ನುವಂತೆಯೂ ಇಲ್ಲ.

ತವರಿಗೆ ಹೋಗಿ, ಖಂಡಿತ ಹೋಗಿ. ಆದರೆ ಹೋಗುವ ಮೊದಲು ಎಆರ್‌ಟಿ ಕೇಂದ್ರಕ್ಕೆ ತಿಳಿಸಿ, ಸಾಕಾಗುವಷ್ಟು ಮಾತ್ರೆ ತಗೊಳ್ಳಿ. ತವರು ತೆಲಂಗಾಣದ ನಾರಾಯಣಪೇಟೆ ಕಡೆ ಇದ್ದರೂ ಚಿಂತೆ ಇಲ್ಲ, ಅಲ್ಲಿನ ಕೇಂದ್ರಕ್ಕೆ ಪತ್ರ ಬರೆದುಕೊಡುತ್ತಾರೆ. ನಾನು ನೋಡಿದಂತೆ ಮಾತ್ರೆ ತಪ್ಪುವುದು ಬಾಣಂತನದಲ್ಲೇ ಜಾಸ್ತಿ. ಬಾಣಂತಿಗೆ ಮಾತ್ರೆ ಉಷ್ಣ ಅಂತ ಹಿರಿಯರು ಬಿಡಿಸುತ್ತಾರೆ. ನಿಮ್ಮ ತಾಯಿಗಾದರೂ ಹೇಳಿಕೊಂಡರೆ ಒಳ್ಳೆಯದು. ಅವರೇ ಮಾತ್ರೆ ನೆನಪಿಸುತ್ತಾರೆ.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಎಚ್‌ಐವಿ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ. ಮಗು ಹುಟ್ಟಿದ ಕೂಡಲೇ ನೆವಿರಪಿನ್ ಸಿರಪ್ ಶುರು ಮಾಡುತ್ತಾರೆ, ಸಾಮಾನ್ಯವಾಗಿ 6 ವಾರ. ತಾಯಿಗೆ ಮಾತ್ರೆ ತಡವಾಗಿ ಶುರುವಾಗಿದ್ದರೆ ಮಗುವಿನ ಔಷಧಿ ಹೆಚ್ಚುತ್ತದೆ.

ಹಾಲು ಕುಡಿಸಬಹುದು. ಮೊದಲ 6 ತಿಂಗಳು ಎದೆಹಾಲು ಮಾತ್ರ. ಜೇನುತುಪ್ಪ ನೆಕ್ಕಿಸುವುದು, ಸಕ್ಕರೆ ನೀರು, ಬಜೆ ತೇದು ಹಾಕುವುದು, ಆಕಳ ಹಾಲು, ಯಾವುದೂ ಬೇಡ. ಎದೆಹಾಲಿನ ಜೊತೆ ಇವು ಸೇರಿದರೆ ಎಳೆ ಕರುಳಿಗೆ ಪೆಟ್ಟಾಗಿ ವೈರಸ್ ಒಳಗೆ ಹೋಗುವುದು ಸುಲಭವಾಗುತ್ತದೆ. ಡಾಕ್ಟರ್ ಕೊಟ್ಟ ಔಷಧಿ ಮಾತ್ರ ಹಾಕಿ. ಮಗುವಿಗೆ 6 ವಾರಕ್ಕೆ, 6 ತಿಂಗಳಿಗೆ, 12 ತಿಂಗಳಿಗೆ ಪರೀಕ್ಷೆ ಇರುತ್ತದೆ. 18 ತಿಂಗಳಿಗೆ ಕೊನೆಯದು; ಆಗಲೂ ಹಾಲು ಕುಡಿಯುತ್ತಿದ್ದರೆ, ಹಾಲು ಬಿಡಿಸಿ 3 ತಿಂಗಳಾದ ಮೇಲೆ. ಮೊದಲನೆಯದು ನೆಗೆಟಿವ್ ಬಂತು ಅಂತ ಸುಮ್ನೆ ಕೂರಬೇಡಿ. ಹಾಲು ಕುಡಿಯುವವರೆಗೂ ಅಪಾಯ ಸ್ವಲ್ಪ ಇದ್ದೇ ಇರುತ್ತದೆ.

ಯಾದಗಿರಿಯಲ್ಲಿ ಪರಿಚಯದವರು ಕಾಣುತ್ತಾರೆ ಅನ್ನುವ ಹೆದರಿಕೆ ಇದ್ದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಬನ್ನಿ. ತಾಯಿ ಕಾರ್ಡ್, ಆಧಾರ್ ಜೊತೆಗಿರಲಿ. ಹೊರಡುವ ಮೊದಲು ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಹೋಗುವುದಿಲ್ಲ.