ಸ್ವಂತ ಆಘಾತವನ್ನು ನೃತ್ಯದ ಕಿರುಚಿತ್ರವಾಗಿಸುವಾಗ ಎಲ್ಲಿಂದ ಶುರು ಮಾಡಬೇಕು?

ಮಾತಿಲ್ಲದ ಹತ್ತು ನಿಮಿಷದ ಚಿತ್ರ, ಕುಣಿಯುವವರೂ ನಿರ್ದೇಶಿಸುವವರೂ ನೀವೇ, ವಿಷಯ ನಿಮಗಾದ ಆಘಾತ ಅಂದಿದ್ದೀರಿ. ಘಟನೆಯಿಂದ ಶುರು ಮಾಡಬೇಡಿ. ನಡೆದದ್ದನ್ನು ಅಭಿನಯಿಸಿ ತೋರಿಸಹೊರಟರೆ ಅದು ಮೂಕಾಭಿನಯವಾಗುತ್ತದೆ. ನೋಡುವವರು ಒಗಟು ಬಿಡಿಸುತ್ತಾ ಕೂರುತ್ತಾರೆ.

ಆ ಘಟನೆ ಮೈಯಲ್ಲಿ ಉಳಿಸಿಹೋದ ಒಂದು ಅಭ್ಯಾಸ ಹಿಡಿಯಿರಿ. ಬಾಗಿಲು ಸದ್ದಾದರೆ ಭುಜ ಕಿವಿಯತ್ತ ಏರುವುದು, ಉಸಿರು ಅರ್ಧಕ್ಕೇ ನಿಲ್ಲುವುದು, ಹೀಗೆ. ಅದನ್ನೇ ನಿಧಾನವಾಗಿ, ಜೋರಾಗಿ, ಮಲಗಿ, ಬೆನ್ನು ತಿರುಗಿಸಿ ಮಾಡುತ್ತಾ ಎಂಟು ಎಣಿಕೆಯ ತುಣುಕು ಕಟ್ಟಿ. ನೀವು ಕಲಿತ ಶೈಲಿಯ ಹೆಜ್ಜೆ ಆ ಅಭ್ಯಾಸಕ್ಕೆ ತಗುಲಿ ಎಲ್ಲಿ ಮುರಿಯುತ್ತದೋ ಅಲ್ಲಿ ತಿದ್ದಲು ಹೋಗಬೇಡಿ. 'ನಾನು ಯಾರು' ಅನ್ನುವುದು ತೆರೆಯ ಮೇಲೆ ಕಾಣುವುದು ಅಲ್ಲೇ.

ಕ್ಯಾಮೆರಾ ಹತ್ತಿರ ಹೋಗಲಿ, ಆದರೆ ಪ್ರತಿ ಭಾಗಕ್ಕೂ ದೂರದಿಂದ ಇಡೀ ಮೈ, ಪಾದ ಕಾಣುವ ಒಂದು ವೈಡ್ ಶಾಟ್ ಇರಲಿ. ಪಾದ ಕಾಣದಿದ್ದರೆ ಮೈಯ ಭಾರ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕ್ಯಾಮೆರಾವನ್ನು ಸೆಕೆಂಡಿಗೆ 24 ಫ್ರೇಮ್‌ಗೆ, ಶಟರ್ ವೇಗವನ್ನು 1/48 ಅಥವಾ 1/50 ಸೆಕೆಂಡಿಗೆ ಇಡಿ. ಸ್ಲೋಮೋಷನ್ ಒಂದೆರಡು ಕಡೆ ಸಾಕು, ಇಡೀ ಚಿತ್ರ ತೇಲಿದರೆ ನೋವೂ ಶಾಂಪೂ ಜಾಹೀರಾತಿನಂತೆ ಕಾಣುತ್ತದೆ.

ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವ ಕಟ್ ಚಲನೆಯ ನಡುವೆಯೇ ಬರಲಿ. 1945ರ ಒಂದು ಕಿರುಚಿತ್ರದಲ್ಲಿ ಅಮೆರಿಕದ ಪ್ರಯೋಗಶೀಲ ನಿರ್ದೇಶಕಿ ಮಾಯಾ ಡೆರೆನ್ ಅವರು, ನರ್ತಕ ಟ್ಯಾಲಿ ಬೀಟಿ ಕಾಡಿನಲ್ಲಿ ಎತ್ತಿದ ಕಾಲು ಮನೆಯೊಳಗೆ ಇಳಿಯುವಂತೆ ಶಾಟ್‌ಗಳನ್ನು ಜೋಡಿಸಿದರು. ನೆನಪಿನ ಜಿಗಿತ ತೋರಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಎರಡೂ ಜಾಗದಲ್ಲಿ ಹೆಜ್ಜೆಯನ್ನು ಪೂರ್ತಿ ಹಾಕಿ ಶೂಟ್ ಮಾಡಿ. ದಿಕ್ಕು, ವೇಗ, ಫ್ರೇಮಿನಲ್ಲಿ ದೇಹದ ಗಾತ್ರ ಒಂದೇ ಇರಲಿ. ವೇಗ ತಪ್ಪಿದರೆ ಕಟ್ ಎಡವುತ್ತದೆ.

ಹಾಡು ಹಾಕಿಕೊಂಡು ಶೂಟ್ ಮಾಡಿದರೆ ಉಸಿರಿನ ಸದ್ದು ಹಾಳು. ಕೊನೆಗೆ ಹಾಡಿಲ್ಲದೆ ಒಂದು ಟೇಕ್ ಮಾಡಿ ಉಸಿರು, ಪಾದದ ಸದ್ದು ಹಿಡಿದಿಡಿ. ಎಡಿಟ್‌ನಲ್ಲಿ ಸದ್ದಿನ ನಡುವಿನ ತೆರಪು ತುಂಬಲು ಖಾಲಿ ಕೋಣೆಯ ಸದ್ದೂ ಒಂದು ನಿಮಿಷ ಬೇಕು.

ಇನ್ನು ನೀವು. ಕಠಿಣ ದೃಶ್ಯಕ್ಕೆ ಎರಡು-ಮೂರು ಟೇಕ್ ಮಿತಿ ಹಾಕಿ, ದಿನದ ಕೊನೆಗೆ ಇಡಬೇಡಿ. ದಣಿದ ಮೈಯಲ್ಲಿ ಅದನ್ನೇ ಹೊತ್ತು ಮನೆಗೆ ಹೋಗುತ್ತೀರಿ. ನಿಲ್ಲಿಸಲು ಒಂದು ಪದ ಗೊತ್ತುಮಾಡಿಕೊಳ್ಳಿ. ಅದು ಕೇಳಿದ ತಕ್ಷಣ ಕ್ಯಾಮೆರಾ ಆಫ್, ಯಾರೂ ಕಾರಣ ಕೇಳಬಾರದು. ರಿಹರ್ಸಲ್‌ನಲ್ಲೇ ನಿದ್ದೆ ಕೆಡುತ್ತಿದ್ದರೆ ಶೂಟಿಂಗ್ ಮುಂದೂಡಿ, ಮೊದಲು ಆಪ್ತಸಮಾಲೋಚಕರನ್ನು ಕಾಣಿ. ಚಿತ್ರ ಚಿಕಿತ್ಸೆಯಲ್ಲ.

ಮೊದಲ ಎಡಿಟ್ ಬೇರೆಯವರು ಮಾಡಲಿ. ಫ್ರೇಮಿನಲ್ಲಿ ಇಲ್ಲದ್ದನ್ನು ನಿಮ್ಮ ನೆನಪು ತುಂಬಿಬಿಡುತ್ತದೆ, ಅವರಿಗೆ ಆ ಅನುಕೂಲ ಇರುವುದಿಲ್ಲ.